ಆಯಿ ಅವಳಿಗೆ ಹೇಳಿದ್ದು

ಪದವಿಯ ಮೊದಲ ವರ್ಷದಲ್ಲಿ ‘ಜಗತ್ತಿನ ಧರ್ಮಗಳು’ ಎಂಬ ವಿಷಯವನ್ನು ನಾನು ಆರಿಸಿಕೊಂಡದ್ದು ಭಕ್ತಿಯಿಂದಲ್ಲ. ಜ್ಞಾನದ ಹಸಿವಿನಿಂದಂತೂ ಅಲ್ಲವೇ ಅಲ್ಲ. ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ಅದನ್ನು ಆರಿಸಿಕೊಂಡಳು, ಅದಕ್ಕೆ. ಅವಳು ಆರಿಸಿಕೊಂಡದ್ದೆಲ್ಲ ಕೊನೆಗೆ ಒಳ್ಳೆಯದೇ ಆಗಿರುತ್ತಿತ್ತು. ಕ್ಯಾಂಟೀನಿನಲ್ಲಿ ಅವಳು ಮಿರ್ಚಿ ತೆಗೆದುಕೊಂಡ ದಿನ ಮಿರ್ಚಿ ಬಿಸಿಯಾಗಿರುತ್ತಿತ್ತು, ನಾನು ತೆಗೆದುಕೊಂಡ ಚುರುಮುರಿ ಸುಸಲಾ ತಣ್ಣಗಾಗಿರುತ್ತಿತ್ತು. ನನಗೆ ಹೊಟ್ಟೆಕಿಚ್ಚು ಸ್ವಲ್ಪ ಜಾಸ್ತಿ, ಚಿಕ್ಕಂದಿನಿಂದಲೂ ಹಾಗೆಯೇ. ಮನೆಯಲ್ಲಿ ಒಬ್ಬಳೇ ಮಗಳಾಗಿ ಬೆಳೆದವಳಿಗೆ ಹೊಟ್ಟೆಕಿಚ್ಚು ಪಡಲು ಯಾರಿದ್ದರು ಎಂದು ನೀವು ಕೇಳಬಹುದು. ಇದ್ದರು. ಹೇಳುತ್ತೇನೆ.

ಅವಳದು ಕಲಬುರಗಿಯದೇ ಮೋಮಿನಪುರ. ಅವಳ ಅಪ್ಪನಿಗೆ ಅಲ್ಲಿ ಹೊಲಿಗೆ ಅಂಗಡಿ ಇತ್ತು. ನಾನು ಕಮಲಾಪುರದವಳು. ಖೂಬಾ ಪ್ಲಾಟಿನ ಒಂದು ಮನೆಯ ಮಾಳಿಗೆ ಮೇಲಿನ ಖೋಲಿಯಲ್ಲಿ ಬಾಡಿಗೆಗಿದ್ದು ಓದುತ್ತಿದ್ದೆ. ಶನಿವಾರ ಬಂದರೆ ಸಾಕು, ಹುಮನಾಬಾದ್ ಕಡೆಯ ಬಸ್ಸು ಹತ್ತಿ ಊರಿಗೆ ಓಡುತ್ತಿದ್ದೆ. ಊರಲ್ಲಿ ಅಪ್ಪ ಕೆಂಪು ಬಾಳೆ ಬೆಳೆಯುತ್ತಿದ್ದ, ಅವ್ವ ಪಕ್ಕದ ಹಳ್ಳಿಯ ಶಾಲೆಯಲ್ಲಿ ಟೀಚರು. ನನ್ನನ್ನು ಸಾಕಿದವಳು ಆಯಿ, ಅಂದರೆ ಅಪ್ಪನ ತಾಯಿ. ಅವ್ವ ಶಾಲೆಗೆ ಹೋದ ಮೇಲೆ ನನ್ನ ಊಟ, ಜಡೆ, ಜ್ವರ, ಹಟ ಎಲ್ಲವೂ ಆಯಿಯ ಪಾಲಿಗೆ. ಹಾಗಾಗಿ ಆಯಿ ನನ್ನವಳು ಎಂದು ನಾನು ತಿಳಿದಿದ್ದೆ. ಅಪ್ಪನಿಗಿಂತ, ಅವ್ವನಿಗಿಂತ ಮೊದಲು ನನ್ನವಳು.

ಆದರೆ ದಿನಾ ಮುಂಜಾನೆ ಅವಳು ನನ್ನ ಕೈ ತಪ್ಪಿ ಹೋಗುತ್ತಿದ್ದಳು. ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ದೇವರ ಖೋಲಿಯಲ್ಲಿ ಮಣೆ ಹಾಕಿ ಕೂರುವಳು. ಕೊರಳಿನ ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡು, ನೀರೆರೆದು, ಪತ್ರಿ ಏರಿಸಿ, ಆಮೇಲೆ ಆ ಕೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡುತ್ತ ಕೂತುಬಿಡುವಳು. ತುಟಿ ಅಲುಗುತ್ತಿತ್ತು, ದನಿ ಬರುತ್ತಿರಲಿಲ್ಲ. ಲಿಂಗ ಕೈಯಲ್ಲಿದ್ದವರನ್ನು ಯಾರೂ ಮಾತಾಡಿಸಬಾರದು ಎಂಬುದು ನಮ್ಮ ಮನೆಯ ಕಟ್ಟುನಿಟ್ಟು. ಹಾಲಿನವ ಬಂದರೂ ಕಾಯಬೇಕು, ಬೀಗರು ಬಂದರೂ ಕಾಯಬೇಕು. ನಾನು ಹೊಸ್ತಿಲಿನ ಈಚೆ ಕೂತು ಅವಳ ತುಟಿಯನ್ನೇ ನೋಡುತ್ತ ಕಾಯುತ್ತಿದ್ದೆ. ಅಂಗೈಯಲ್ಲಿನ ಆ ಪುಟ್ಟ ಲಿಂಗವನ್ನು ಅವಳು ನೋಡುತ್ತಿದ್ದ ಹಾಗೆ ನನ್ನನ್ನು ಎಂದೂ ನೋಡಿರಲಿಲ್ಲ. ಜಾತ್ರೆಯಲ್ಲಿ ಕಳೆದು ಸಿಕ್ಕಾಗಲೂ ನೋಡಿರಲಿಲ್ಲ. ನನ್ನ ಮೊದಲ ಹೊಟ್ಟೆಕಿಚ್ಚು ದೇವರ ಮೇಲೆ.

“ಅದರ ಜೋಡಿ ಏನ್ ಮಾತಾಡ್ತಿ?” ಎಂದು ಕೇಳಿದರೆ, “ದೊಡ್ಡಾಕಿ ಆಗು, ತಿಳೀತದ” ಅನ್ನುವಳು. ನಾನು ದೊಡ್ಡವಳಾದೆ. ಸೀರೆ ಉಡಿಸಿ ಆರತಿ ಮಾಡಿದಾಗ ಕೇಳಿದೆ, ಹತ್ತನೇ ತರಗತಿ ಪಾಸಾದಾಗ ಕೇಳಿದೆ, ಕಾಲೇಜಿಗೆಂದು ಗಂಟುಮೂಟೆ ಕಟ್ಟಿದ ದಿನವೂ ಕೇಳಿದೆ. ಅದೇ ಉತ್ತರ. ಕೊನೆಕೊನೆಗೆ ಅದು ನನಗೆ ಹಟವೇ ಆಗಿಹೋಯಿತು. ಒಂದಲ್ಲ ಒಂದು ದಿನ ಆಯಿ ಅದನ್ನು ನನಗೆ ಹೇಳಬೇಕು, ಮತ್ತು ನನಗೊಬ್ಬಳಿಗೇ ಹೇಳಬೇಕು.

ಧರ್ಮಗಳ ಪಾಠ ಮಾಡುತ್ತಿದ್ದ ಮೇಡಂ ಮೊದಲ ದಿನವೇ ಪುಸ್ತಕ ಮುಚ್ಚಿಸಿದರು. “ನಿಮ್ಮ ಮನ್ಯಾಗ ಮುಂಜಾನೆದ್ದು ದೇವರಿಗಿ ಏನ್ ಮಾಡ್ತೀರಿ, ಯಾಕ ಮಾಡ್ತೀರಿ, ಅಷ್ಟ ಹೇಳ್ರಿ” ಎಂದರು. ನನ್ನ ಗೆಳತಿ ಎದ್ದು ನಿಂತು, ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆದುಕೊಳ್ಳುವ ವಜೂ ಹೇಗೆ ಮಾಡುವುದು, ಯಾವ ಅಂಗ ಮೊದಲು, ಯಾವುದು ಆಮೇಲೆ, ಅದು ಯಾಕೆ ಬೇಕು ಎಂದು ಸಲೀಸಾಗಿ ಹೇಳಿದಳು. ಎಲ್ಲಿಯೂ ತಡವರಿಸಲಿಲ್ಲ. ಮುಂದಿನ ಸರದಿ ನನ್ನದು. ಇಷ್ಟಲಿಂಗ ಪೂಜೆ ಎಂದೆ.

“ಅಂಗೈಯಾಗೇ ಯಾಕ ಇಟ್ಕೋತಾರ?” ಎಂದರು ಮೇಡಂ.

“ನಮ್ಮ ಆಯಿ ಹಂಗ ಇಟ್ಕೋತಾಳ್ರಿ” ಎಂದೆ.

ತರಗತಿಗೆ ತರಗತಿಯೇ ನಕ್ಕಿತು. ಗೆಳತಿ ಮಾತ್ರ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು, ಜಗಳವಾದರೂ ಆಡಬಹುದಿತ್ತು. “ಮತ್ತ ನಿಂದು ಎಲ್ಲದ?” ಎಂದು ಮೆಲ್ಲಗೆ ಕೇಳಿದಳು. ನನ್ನ ಇಷ್ಟಲಿಂಗ ಊರಲ್ಲಿ, ದೇವರ ಖೋಲಿಯ ಗೂಡಿನಲ್ಲಿ, ಬಟ್ಟೆ ಸುತ್ತಿಸಿಕೊಂಡು ಕೂತಿತ್ತು. ಹಬ್ಬಕ್ಕೊಮ್ಮೆ ಕೊರಳಿಗೆ ಬಂದು ಹೋಗುತ್ತಿತ್ತು. ನಾನು ಕೇಳಿಸದವಳ ಹಾಗೆ ಕಿಟಕಿಯ ಹೊರಗೆ ನೋಡಿದೆ.

ಆ ಸೆಮಿಸ್ಟರಿಗೆ ಮೇಡಂ ಕೊಟ್ಟ ಕೆಲಸ ಬೇರೆ ರೀತಿಯದು. ತಮ್ಮ ಧರ್ಮದ ಬಗ್ಗೆ ಯಾರೂ ಬರೆಯುವಂತಿಲ್ಲ. ಇಬ್ಬಿಬ್ಬರದು ಒಂದು ಜೋಡಿ. ಒಬ್ಬರ ಮನೆಗೆ ಇನ್ನೊಬ್ಬರು ಹೋಗಬೇಕು. ಅಲ್ಲಿ ನಡೆಯುವ ಒಂದೇ ಒಂದು ಆಚರಣೆಯನ್ನು ಕೂತು ನೋಡಿ, ಮಾಡುವವರ ಬಾಯಿಂದಲೇ ಕೇಳಿಕೊಂಡು ಬಂದು, ತರಗತಿಯ ಮುಂದೆ ಹೇಳಬೇಕು. ಪಕ್ಕ ಪಕ್ಕ ಕೂತವರೇ ಜೋಡಿ ಎಂದರು. ಹೀಗೆ ಅವಳು ನನ್ನ ಪಾಲಿಗೆ ಬಂದಳು, ನಮ್ಮ ಆಯಿ ಅವಳ ಪಾಲಿಗೆ ಹೋದಳು.

ಮೊದಲು ನಾನೇ ಮೋಮಿನಪುರಕ್ಕೆ ಹೋದೆ. ಆಗ ರಮಜಾನ್ ನಡೆದಿತ್ತು, ಇಫ್ತಾರಿಗೆ ಬಾ ಎಂದಿದ್ದಳು. ಬರೀ ನೋಡಿ ಬಂದರೆ ಏನು ಬಂತು, ನಾನೂ ಒಂದು ದಿನ ರೋಜಾ ಹಿಡಿದು ಎಲ್ಲರಿಗಿಂತ ಒಂದು ಕೈ ಮೇಲಾಗಬೇಕು ಎಂದು ನಿಶ್ಚಯಿಸಿಕೊಂಡೆ. ಉಪವಾಸ ನನಗೇನು ಹೊಸದೇ? ಶಿವರಾತ್ರಿಗೆ, ಶ್ರಾವಣ ಸೋಮವಾರಕ್ಕೆ ಮಾಡಿ ರೂಢಿ ಇತ್ತು. ಯಾರಿಗೂ ಸುಳಿವು ಕೊಡದೆ, ಬೆಳಗಿನಿಂದ ಅನ್ನ ರೊಟ್ಟಿ ಮುಟ್ಟದೆ ಇದ್ದು, ಸಂಜೆ ನಮ್ಮೂರಿನ ಕೆಂಪು ಬಾಳೆಹಣ್ಣು ಕಟ್ಟಿಕೊಂಡು ಅವಳ ಮನೆಗೆ ಹೋದೆ.

ನೆಲಕ್ಕೆ ಹಾಸಿದ ದಸ್ತರಖಾನಿನ ಮೇಲೆ ಖಜೂರ, ಕಲ್ಲಂಗಡಿ, ಉಳ್ಳಾಗಡ್ಡಿ ಭಜಿ, ಶರಬತ್ತು ಜೋಡಿಸಿದ್ದರು. ನನಗೆಂದು ಬೇರೆ ತಟ್ಟೆ ಮಾಡಿ, ಮಾಂಸದ ಬೋಗುಣಿಯನ್ನು ದೂರ ಇಟ್ಟಿದ್ದರು. “ನಾನೂ ಇವತ್ತ ರೋಜಾ ಅದೀನ್ರಿ ಅಮ್ಮಿ” ಎಂದು ಅವಳ ತಾಯಿಗೆ ಹೇಳಿದೆ.

“ಹೌ ಬೇಟಾ? ಮಾಶಾಲ್ಲಾ!” ಎಂದವರೇ ಅಮ್ಮಿ ನನ್ನನ್ನು ಎಳೆದು ಪಕ್ಕಕ್ಕೆ ಕೂರಿಸಿಕೊಂಡು, ಮೊದಲ ಖಜೂರವನ್ನು ನನ್ನ ಕೈಯಲ್ಲಿಟ್ಟರು. ಅಜಾನ್ ಆಗುವವರೆಗೆ ಹಿಡಿದುಕೊಂಡಿರು ಎಂದರು. ನಾನು ಗೆಳತಿಯ ಕಡೆ ಒಂದು ನೋಟ ಎಸೆದೆ. ನಿಮ್ಮವ್ವನೂ ಈಗ ನನ್ನ ಕಡೆಗೆ ಎನ್ನುವ ನೋಟ ಅದು.

“ಇಂಥಾ ಬಿಸಿಲಾಗ ನೀರಡಿಕಿ ಭಾಳ ಆಗಿರಬೇಕು ನಿನಗ” ಎಂದರು ಅಮ್ಮಿ.

“ಇಲ್ರಿ, ಏನೂ ತ್ರಾಸ ಆಗಿಲ್ರಿ. ಮಧ್ಯಾಹ್ನ ಬಾಳಿಹಣ್ಣ ತಿಂದು ಚಾ ಕುಡದೀನ್ರಿ. ಈಗ ಬರೂ ಮುಂದ ಕಬ್ಬಿನಹಾಲೂ ಕುಡದ ಬಂದೀನ್ರಿ.”

ಅವಳ ಅಪ್ಪ ಟೋಪಿ ಸರಿಮಾಡಿಕೊಳ್ಳುವ ನೆಪದಲ್ಲಿ ಮುಖ ಆಚೆ ತಿರುಗಿಸಿದರು. ಅಮ್ಮಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಮ್ಮ ಕಡೆಯ ಉಪವಾಸಕ್ಕೆ ಹಣ್ಣು, ಹಾಲು, ಚಹಾ ಎಲ್ಲ ನಡೆಯುತ್ತದೆ. ಶಿವರಾತ್ರಿಯ ದಿನ ನಾವು ತಿನ್ನುವಷ್ಟು ಉಳಿದ ದಿನ ತಿನ್ನುವುದಿಲ್ಲ. ರೋಜಾದಲ್ಲಿ ನೀರನ್ನೂ ಕುಡಿಯುವುದಿಲ್ಲ ಎಂದು ಮೇಡಂ ಹೇಳಿದ್ದು ನೆನಪಿತ್ತು. ಚಹಾ ನೀರಲ್ಲವಲ್ಲ ಎಂದು ನನ್ನ ತಲೆ ತಾನಾಗಿಯೇ ತೀರ್ಮಾನ ಮಾಡಿಬಿಟ್ಟಿತ್ತು.

“ನಡೀತದ ಬೇಟಾ, ಮಕ್ಕಳ ರೋಜಾ ಹಿಂಗೇ ಇರ್ತದ. ಇಕೀನೂ ಸಣ್ಣಾಕಿದ್ದಾಗ ಹಿಂಗೇ ಹಿಡೀತಿದ್ಳು” ಎಂದು ಅಮ್ಮಿ ನನ್ನ ಬೆನ್ನು ಸವರಿದರು. ಅಲ್ಲಿಂದ ಮುಂದೆ ನಾನು ಆ ಮನೆಯ ಮಗುವಾಗಿಬಿಟ್ಟೆ. ಭಜಿ ಆರಿಸಿ ಆರಿಸಿ ನನ್ನ ತಟ್ಟೆಗೆ ಹಾಕಿದರು. ದಿನವೆಲ್ಲ ಹಸಿದು ಕೂತಾಗ ಮನಸ್ಸಿಗೆ ಏನನ್ನಿಸುತ್ತದೆ ಎಂದು ಕೇಳಿದರೆ, ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. ಹಸಿದವರ ಕಷ್ಟ ತಿಳಿಯುತ್ತದೆ, ಅಲ್ಲಾಹ ಎಲ್ಲವನ್ನೂ ನೋಡುತ್ತಾನೆ, ಇನ್ನೊಂದು ಭಜಿ ತಿನ್ನು ಎಂದರು. ಗೆಳತಿ ದೊಡ್ಡವರ ಸಾಲಿನಲ್ಲಿ ಕೂತು ಬರೀ ಒಂದು ಖಜೂರ, ಒಂದು ಗುಟುಕು ನೀರಿನಿಂದ ರೋಜಾ ಬಿಟ್ಟಳು. ಆಗ ಅವಳ ಮುಖದಲ್ಲಿ ಒಂದು ಶಾಂತಿ ಇತ್ತು. ಅದನ್ನು ಕಂಡು ನನಗೆ ಉರಿದುಹೋಯಿತು.

ಈದ್ ಮುಗಿದ ಮೇಲೆ ಒಂದು ಭಾನುವಾರ ಅವಳು ಕಮಲಾಪುರಕ್ಕೆ ಬಂದಳು. ಆಯಿಯ ಪೂಜೆ ತಪ್ಪಬಾರದೆಂದು ಮೊದಲ ಬಸ್ಸಿಗೇ ಬಂದಿದ್ದಳು. ಬಸ್ ನಿಲ್ದಾಣದಿಂದ ಮನೆಯವರೆಗೂ ನಾನು ತಾಕೀತು ಮಾಡುತ್ತಲೇ ನಡೆದೆ. ನಡುವೆ ಮಾತಾಡಬೇಡ, ಹತ್ತಿರ ಹೋಗಬೇಡ, ಮುಗಿದ ಮೇಲೆ ಏನಾದರೂ ಕೇಳಿದರೂ ಆಯಿ ಹೇಳುವವಳಲ್ಲ, ಬೇಜಾರು ಮಾಡಿಕೊಳ್ಳಬೇಡ ಎಂದೆ. ಹೇಳದಿರಲಿ ಎಂದೇ ನನ್ನ ಆಸೆ. ಅವಳು ತಲೆದೂಗುತ್ತ ನಡೆದಳು.

ಆಯಿ ಆಗ ತಾನೇ ಸ್ನಾನ ಮಾಡಿ ಬಂದಿದ್ದಳು. “ನಮಸ್ಕಾರ್ರಿ ಆಯಿ” ಎಂದಳು ಗೆಳತಿ. ಅಜ್ಜಿ ಅನ್ನಬಹುದಿತ್ತು, ಅಮ್ಮಾ ಅನ್ನಬಹುದಿತ್ತು. ನನ್ನ ಬಾಯಿಂದ ಕೇಳಿದ ಮಾತನ್ನೇ ಎತ್ತಿಕೊಂಡಳು.

“ಬಾ ಯವ್ವಾ, ಕೈಕಾಲ ತೊಳಕೊಂಡು ಒಳಗ ಕುಂದ್ರು ಬಾ” ಎಂದಳು ಆಯಿ. ಗೆಳತಿ ಬಚ್ಚಲಲ್ಲಿ ಮೊಣಕೈವರೆಗೆ ತೋಳು ಮಡಚಿ, ಮುಖ, ಕೈ, ಹಿಮ್ಮಡಿ ಎಲ್ಲ ತಿಕ್ಕಿ ತೊಳೆದುಕೊಂಡಳು. ಆಯಿ ಬಾಗಿಲಲ್ಲೇ ನಿಂತು ನೋಡಿದಳು. “ನೋಡು, ಹ್ಯಾಂಗ ತೊಳ್ಕೋತಾಳ. ನೀ ಅಂತೂ ಬೆರಳತುದಿ ತೋಯಿಸ್ಕೊಂಡು ಓಡಿಬರ್ತಿ” ಎಂದು ನನಗೆ ಅಂದಳು. ಪೂಜೆ ಇನ್ನೂ ಶುರುವಾಗಿರಲಿಲ್ಲ, ನಾನಾಗಲೇ ಸೋತಿದ್ದೆ.

ದೇವರ ಖೋಲಿಯಲ್ಲಿ ಗೋಡೆಗೆ ಒರಗಿ, ದುಪಟ್ಟಾವನ್ನು ತಲೆಯ ಮೇಲೆ ಎಳೆದುಕೊಂಡು ಅವಳು ಕೂತಳು. ನಾನು ಅವಳ ಪಕ್ಕದಲ್ಲಿ. ಆಯಿ ಲಿಂಗವನ್ನು ಅಂಗೈಗೆ ತೆಗೆದುಕೊಂಡಳು. ಅಷ್ಟರಲ್ಲಿ ಅಡುಗೆಮನೆಯಿಂದ ಅವ್ವ ಕೂಗಿದಳು, “ಏ, ಹಾಲ ಉಕ್ಕಾಕತ್ತದ, ಬಾ ಇಲ್ಲಿ!” ಹೋದೆ. ಹಾಲು ಇಳಿಸಿ ಬರುವಷ್ಟರಲ್ಲಿ ಅಪ್ಪನಿಗೆ ಚಹಾ ಕೊಡು ಎಂದಳು. ಕೊಟ್ಟು ಬಂದು ಇನ್ನೇನು ಕೂರಬೇಕು, ರೊಟ್ಟಿ ಬೇಯಿಸು ಬಾ ಎಂದಳು. ಬಂದ ಹುಡುಗಿ ಅತಿಥಿ. ಅವಳನ್ನು ಯಾರು ಕರೆಯುತ್ತಾರೆ? ಅವಳು ಅಲುಗದೆ ಕೂತೇ ಇದ್ದಳು.

ರೊಟ್ಟಿ ಬೇಯಿಸುತ್ತಿದ್ದಾಗ ಆ ಕಡೆಯಿಂದ ಆಯಿಯ ಮಾತು ಕೇಳಿಸಿತು. ಪೂಜೆ ಮುಗಿದಿತ್ತು. ಏನು ಅನ್ನುತ್ತಿದ್ದಾಳೆ ಎಂದು ತಿಳಿಯುವಂತಿರಲಿಲ್ಲ, ಆದರೆ ಬಹಳ ಹೊತ್ತು ಅನ್ನುತ್ತಲೇ ಇದ್ದಳು. ನಡುವೆ ನಕ್ಕಳು. ಹಿಟ್ಟಿನ ಕೈಯಲ್ಲೇ ಓಡಿ ಹೋದೆ. ಕರಡಿಗೆ ಮತ್ತೆ ಕೊರಳಿಗೆ ಬಂದಿತ್ತು. ಆಯಿ ನನ್ನ ಗೆಳತಿಯ ಎಡಗೈಯನ್ನು ತನ್ನ ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಏನೋ ತೋರಿಸುತ್ತಿದ್ದಳು. ಗೆಳತಿಯ ಕಣ್ಣು ಒದ್ದೆಯಾಗಿದ್ದವು. ನನ್ನನ್ನು ಕಂಡದ್ದೇ ಆಯಿ ಮಾತು ನಿಲ್ಲಿಸಿದಳು.

“ರೊಟ್ಟಿ ಆದವೇನು?” ಎಂದಳು.

ಊಟಕ್ಕೆ ಕೂತಾಗ ಪುಂಡಿಪಲ್ಯದ ಪಕ್ಕಕ್ಕೆ ಬೆಣ್ಣೆಯ ದೊಡ್ಡ ಉಂಡೆ ಅವಳ ತಟ್ಟೆಗೇ ಬಿತ್ತು.

ಸಂಜೆ ಇಬ್ಬರೂ ಒಂದೇ ಬಸ್ಸಿಗೆ ಕಲಬುರಗಿಗೆ ಹೊರಟೆವು. ಊರು ದಾಟುವವರೆಗೂ ತಡೆದುಕೊಂಡೆ. ಆಮೇಲೆ ಕೇಳಿದೆ. “ಏನಂದ್ಳು ನಮ್ಮ ಆಯಿ?”

ಅವಳು ಆಶ್ಚರ್ಯದಿಂದ ತಿರುಗಿ ನೋಡಿದಳು. “ಪೂಜಾದಾಗ ಏನ್ ಮಾಡ್ತಾರ ಅಂತ. ನಿನಗ ಗೊತ್ತೇ ಇರ್ತದಲ್ಲ?”

“ಗೊತ್ತದ” ಎಂದುಬಿಟ್ಟೆ. “ನಿನಗ ಎಷ್ಟ್ ಹೇಳ್ಯಾಳ ಅಂತ ಕೇಳಿದೆ, ಅಷ್ಟ.”

“ಎಲ್ಲಾ ಹೇಳ್ಯಾರ” ಎಂದಳು ಅವಳು. ಗೊತ್ತದ ಎಂದ ಮೇಲೆ ಇನ್ನು ಕೇಳುವುದು ಹೇಗೆ? ಕಲಬುರಗಿಯ ಹೊಸ ಬಡಾವಣೆಗಳ ದೀಪ ದೂರದಲ್ಲಿ ಕಾಣುವವರೆಗೂ ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ. ಅವಳು ನನ್ನ ಹೆಗಲಿಗೆ ತಲೆ ಆನಿಸಿ ನಿದ್ದೆ ಹೋದಳು. ಅಷ್ಟು ನಿಶ್ಚಿಂತೆ ಅವಳಿಗೆ. ಹೆಗಲು ಸರಿಸೋಣವೆನ್ನಿಸಿತು, ಸರಿಸಲಿಲ್ಲ.

ತರಗತಿಯಲ್ಲಿ ಮೊದಲು ನಾನು ರೋಜಾದ ಬಗ್ಗೆ ಹೇಳಿದೆ. ಚಹಾ ಮತ್ತು ಕಬ್ಬಿನಹಾಲಿನ ಸಂಗತಿ ಬಿಟ್ಟೆ. ಉಳಿದದ್ದೆಲ್ಲ ಸರಿಯಾಗಿತ್ತು. “ಸರಿ ಅದ” ಎಂದರು ಮೇಡಂ, “ಆದ್ರ ಇದಷ್ಟೂ ಪುಸ್ತಕದಾಗೂ ಅದ.”

ಆಮೇಲೆ ಅವಳು ಎದ್ದಳು. ಕೈಯಲ್ಲಿ ಚೀಟಿ ಕೂಡ ಇರಲಿಲ್ಲ. ಆಯಿ ನೀರೆರೆದದ್ದು, ಪತ್ರಿ ಏರಿಸಿದ್ದು, ಕೈ ಎತ್ತಿದ್ದು ಎಲ್ಲ ಹೇಳಿ, “ಲಿಂಗದ ಮುಂದ ಏನ್ ಬೇಡ್ಕೋತೀರಿ ಅಂತ ಕೇಳಿದೆ. ಆಯಿ ನಕ್ಕರು. ಅವರು ಅಂದಿದ್ದು ಅವರ ಮಾತಿನ್ಯಾಗೇ ಹೇಳ್ತೀನ್ರಿ” ಎಂದು ಶುರುಮಾಡಿದಳು.

“‘ನಾ ಲಗ್ನ ಆಗಿ ಬಂದಾಗ ನನಗ ನಿನ್ನಷ್ಟೂ ವಯಸ್ಸ ಇರ್ಲಿಲ್ಲ. ಮನಿ ತುಂಬ ಮಂದಿ. ಬಾವಿ ನೀರು, ಬೀಸೂದು, ಸಗಣಿ, ರೊಟ್ಟಿ. ಎದ್ದಾಗಿಂದ ಮಲಗೂತನಾ ಯಾರರ ಒಬ್ಬರು ಕರೀತಿದ್ರು. ಲಿಂಗ ಕೈಯಾಗ ಇದ್ದಾಕೀಗಿ ಮಾತ್ರ ಯಾರೂ ಕರೀತಿರ್ಲಿಲ್ಲ. ನಮ್ಮತ್ತಿ ಸೈತ ಕರೀತಿರ್ಲಿಲ್ಲ. ಅದು ತಿಳೀತು ನೋಡು, ಅವತ್ತಿಂದ ಪೂಜಿ ಉದ್ದ ಮಾಡ್ದೆ. ಮಂತ್ರ ಎಂದೋ ಮುಗದಿರ್ತಿತ್ತು, ಸುಮ್ಮ ತುಟಿ ಅಲ್ಲಾಡಿಸ್ಕೋತ ಕುಂದರ್ತಿದ್ದೆ. ಕೆಲಸ ತಪ್ಪಿಸ್ಕೊಳ್ಳಾಕ ಕುಂತಾಕಿ ನಾನು. ಆಮ್ಯಾಲ ಕೈಯಾಗಿನ ಶಿವನೇ ನನ್ನ ಬಿಡ್ಲಿಲ್ಲ. ಕರಿಯಾವರು ಎಷ್ಟೋ ಮಂದಿ ಸತ್ತೇ ಹೋದ್ರು, ನನಗ ಇನ್ನಾ ಏಳಾಕ ಮನಸಾಗವಲ್ದು.’”

ಅವಳು ತನ್ನ ಎಡ ಅಂಗೈಯನ್ನು ಎತ್ತಿ ಹಿಡಿದಳು. “ಅಂಗೈಯಾಗೇ ಯಾಕ ಅಂತನೂ ಕೇಳಿದೆ. ‘ಕೈ ಖಾಲಿ ಇದ್ದ ಹೆಂಗಸಿಗಿ ಯಾರ್ ಸುಮ್ಮ ಬಿಡ್ತಾರ?’ ಅಂದ್ರು.”

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹಿಂದಿನ ಬೆಂಚಿನ ಹುಡುಗಿಯರು ಒಬ್ಬರನ್ನೊಬ್ಬರು ನೋಡಿಕೊಂಡರು. ಇಡೀ ತರಗತಿ ಚಪ್ಪಾಳೆ ತಟ್ಟಿತು, ನಾನೂ ತಟ್ಟಿದೆ. ಒಳಗೆ ಮಾತ್ರ ಧಗಧಗ ಅನ್ನುತ್ತಿತ್ತು. ಹೊಸ್ತಿಲಿನ ಈಚೆ ಕೂತು ವರ್ಷಗಟ್ಟಲೆ ಓದಲು ಹೆಣಗಿದ ಆ ತುಟಿಗಳಲ್ಲಿ ಮಾತೇ ಇರಲಿಲ್ಲ. ಅದನ್ನು ನಾನು ತಿಳಿದದ್ದು ಎಲ್ಲರೊಂದಿಗೆ ಬೆಂಚಿನ ಮೇಲೆ ಕೂತು, ಇನ್ನೊಬ್ಬಳ ಬಾಯಿಂದ. ನನ್ನ ಆಯಿಯ ಜೀವದ ಮಾತು ಒಂದೇ ಮುಂಜಾನೆಗೆ ಅವಳದಾಗಿತ್ತು.

ಶನಿವಾರದವರೆಗೆ ಕಾಯುವುದೂ ನನ್ನಿಂದಾಗಲಿಲ್ಲ. ಮರುದಿನವೇ ತರಗತಿ ತಪ್ಪಿಸಿ ಊರಿಗೆ ಹೋದೆ. ಆಯಿ ಪಡಸಾಲೆಯಲ್ಲಿ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ನಾನು ಚಪ್ಪಲಿಯನ್ನೂ ಬಿಡದೆ ನಿಂತೆ.

“ಅಕಿಗಿ ಯಾಕ ಹೇಳ್ದಿ?”

ಯಾರಿಗೆ, ಏನು ಎಂದು ಆಯಿ ಕೇಳಲಿಲ್ಲ. “ಕೇಳಿದ್ಳು, ಹೇಳ್ದೆ” ಎಂದಳು.

“ನಾನೂ ಕೇಳೀನಿ. ಸಣ್ಣಾಕಿದ್ದಾಗಿಂದ ಕೇಳೀನಿ. ನನಗ್ಯಾಕ ಹೇಳ್ಲಿಲ್ಲ? ಅಕಿ ನಿನಗ ಯಾರು?”

“ಯಾರೂ ಅಲ್ಲ. ಅದಕ್ಕ ಹೇಳಾಕ ಬಂತು.” ಬೇಳೆಯೊಳಗಿನ ಒಂದು ಹರಳನ್ನು ಹೆಕ್ಕಿ ಬದಿಗೆಸೆದಳು. “ನಿನಗ ಹ್ಯಾಂಗ ಹೇಳ್ಲೆವ್ವಾ? ನಾ ಯಾರ ಕೈ ತಪ್ಪಿಸ್ಕೊಂಡು ಕುಂದರ್ತಿದ್ದೆ? ನಿಮ್ಮ ಕೈನೇ ಅಲ್ಲೇನು?”

“ನಮ್ಮದು ಅಂದ್ರ? ನಂದೂ?”

“ಮತ್ತ? ನೀ ಹುಟ್ಟಿದ ಮ್ಯಾಲ ಪೂಜಿ ಇನ್ನಾ ಉದ್ದ ಆತು” ಎಂದು ಆಯಿ ನಕ್ಕಳು. ಬೇಳೆಯಲ್ಲಿ ಹುಳ ಬಿದ್ದಿದೆ ಎನ್ನುವಷ್ಟು ಸಹಜವಾಗಿ ಹೇಳಿದಳು. ಅವಳಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಚಪ್ಪಲಿ ಬಿಟ್ಟು ಅಲ್ಲೇ ಕೂತೆ. ಅವಳು ಯಾರ ಹತ್ತಿರ ಹೋಗುತ್ತಾಳೆ ಎಂದು ಇಷ್ಟು ವರ್ಷ ಉರಿದುಕೊಂಡಿದ್ದೆ. ಯಾರನ್ನು ಬಿಟ್ಟು ಹೋಗುತ್ತಾಳೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ನನ್ನ ಗೆಳತಿ ಆಯಿಯನ್ನು ಒಂದು ಲೋಟ ನೀರು ಸಹ ಕೇಳಿರಲಿಲ್ಲ, ಮುಂದೆಯೂ ಕೇಳುವವಳಲ್ಲ. ಅವಳ ಮೇಲಿನ ಹೊಟ್ಟೆಕಿಚ್ಚು ಆಗ ಕಡಿಮೆಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಹೆಚ್ಚೇ ಆಯಿತು. ಆಯಿಗೆ ಭಾರವಾಗದ ಹಾಗೆ ಪಕ್ಕ ಕೂರುವುದು ಗೆಳತಿಗೆ ಸಾಧ್ಯವಿತ್ತು, ನನಗೆ ಸಾಧ್ಯವಿರಲಿಲ್ಲ.

ಶಾಲೆಯಿಂದ ಬಂದಿದ್ದ ಅವ್ವ ಒಳಗಿನಿಂದ ಕೂಗಿದಳು. ಆಯಿಯನ್ನಲ್ಲ, ನನ್ನನ್ನು. ನಾನು ಓಗೊಡಲಿಲ್ಲ. ಅವ್ವ ಇನ್ನೊಮ್ಮೆ, ದನಿ ಏರಿಸಿ ಕೂಗಿದಳು.

“ಹೋಗು” ಎಂದಳು ಆಯಿ, ಮೊರದಿಂದ ಕಣ್ಣು ಎತ್ತದೆ. “ಇನ್ನ ನಿನ್ನ ಪಾಳಿ.”